ನೀರಿಲ್ಲದೆ ಉಜ್ಜಿದ ಮಣಿಗಳು

ಅಂತೆಪ್
೨ ಸೆಪ್ಟೆಂಬರ್ ೨೦೧೮

ತಮ್ಮ ವೈಸೆಲ್,

ನಿನ್ನ ಎರಡೂ ಕಣ್ಣಿಗೆ ಮುತ್ತು. ನೀನು ಜೈಲಿನಿಂದ ಕಳಿಸಿದ ಪೆಟ್ಟಿಗೆ ಗುರುವಾರ ಬಂತು. ಆರು ತಸ್ಬಿ ಜಪಮಾಲೆಗಳಿಗಾಗುವಷ್ಟು ಮಣಿ. ಪಿಸ್ತಾ ಮರಕ್ಕೂ ಜೇನುಬಣ್ಣದ ಅಕ್ರಿಲಿಕ್‌ಗೂ ನಡುವಿನ ಬೆಸುಗೆ ಒಂದರಲ್ಲೂ ಬಿಟ್ಟಿಲ್ಲ. ಅಲ್ಲಿನ ಹಳೆಯ ಲೇತಿನ ಮೇಲೆ ಇಷ್ಟು ಒಪ್ಪವಾಗಿ ಕಡೆಯುವುದು ಸುಲಭವಲ್ಲವೆಂದು ಗೊತ್ತು. ಬೇರೆ ಸಲವಾಗಿದ್ದರೆ ಇಷ್ಟು ಹೊತ್ತಿಗೆ ಉಜ್ಜಿ, ಹೊಳಪು ಕೊಟ್ಟು, ದಾರಕ್ಕೆ ಪೋಣಿಸಿ ಬಜಾರಿಗೆ ಕೊಟ್ಟಿರುತ್ತಿದ್ದೆ. ಈ ಸಲ ಕೈ ಹಾಕಿಲ್ಲ. ಯಾಕೆಂದು ಹೇಳುವುದಕ್ಕೇ ಈ ಕಾಗದ.

ಬಕ್ರೀದಿನ ಹಿಂದಿನ ದಿನ ನಮ್ಮ ಹಾಜರ್ ಅತ್ತೆ ಬಂದಿದ್ದರು. ಮಗ ಸತ್ತ ಮೇಲೆ ನಮ್ಮ ಹೊಸ್ತಿಲು ತುಳಿದವರಲ್ಲ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದರು: "ಹಿಲಾಲ್ ದೊಡ್ಡೋಳಾದ್ಲು ಕಣಮ್ಮ. ಒಂದ್ಸಲ ಬಂದು ಅವಳಪ್ಪನ ಗೋರಿಗೆ ಒಂದು ಚೊಂಬು ನೀರು ಹಾಕ್ಲಿ. ನಾನು ಹೋದ್ಮೇಲೆ ಹಾಕೋರ್ಯಾರು?"

ಮಗಳು ಹಿಲಾಲ್ ಒಳಗಿನಿಂದಲೇ ಹೇಳಿದಳು: "ಬರ್ತೀನಿ ಅಜ್ಜಿ. ನಡೀರಿ."

ನನಗೆ ಸಂತೋಷವಾಯಿತು. ಅವಳು ಹೆಗಲಿಗೆ ಹಾಕಿಕೊಂಡ ಚೀಲದಲ್ಲಿ ನನ್ನ ಕೆಲಸದ ಮೇಜಿನ ಸುತ್ತಿಗೆ ಇತ್ತೆಂದು ನಾನು ನೋಡಲಿಲ್ಲ.

ಅತ್ತೆ ನೀರು ಹಾಕಿ, ಕೂತು, ದುವಾ ಶುರು ಮಾಡಿದ್ದರಂತೆ. ಹುಡುಗಿ ಮೊದಲ ಏಟನ್ನು ಕಲ್ಲಿನ ಮೇಲಿನ ಹೆಸರಿಗೇ ಹಾಕಿದಳು. ಅಮೃತಶಿಲೆ, ಒಂದೇ ಏಟಿಗೆ ಒಡೆಯಲಿಲ್ಲ. ನಾಲ್ಕನೆಯದಕ್ಕೆ ತುದಿ ಹಾರಿತು. ಅತ್ತೆ ಕಲ್ಲನ್ನು ತಬ್ಬಿ ಮಲಗಿಬಿಟ್ಟರು. ಇವಳು ನಿಲ್ಲಿಸಲಿಲ್ಲ. ಮುಂದಿನ ಏಟು ಅತ್ತೆಯ ಬಲಗೈ ಮೇಲೆ ಬಿತ್ತು. ಎರಡು ಬೆರಳು ಮುರಿದವು. ಹಬ್ಬಕ್ಕೆಂದು ಗೋರಿಗಳ ಬಳಿ ಬಂದಿದ್ದ ಜನ ಓಡಿ ಬಂದು ಇವಳನ್ನು ಎಳೆದು ಹಾಕಿದರು. ಆಸ್ಪತ್ರೆಯಲ್ಲಿ ಕೇಳಿದಾಗ ಅತ್ತೆ, "ನಾನೇ ಎಡವಿ ಬಿದ್ದೆ" ಎಂದಷ್ಟೇ ಹೇಳಿದರಂತೆ.

ಹಿಲಾಲ್ ಮನೆಗೆ ಬಂದು ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ತೋಳಿನವರೆಗೂ ಕಲ್ಲಿನ ಪುಡಿ. "ಅಮ್ಮಾ, ನಿನ್ನ ಹೊಡೆದೋನ ಹೆಸರು ಇನ್ನು ಎಲ್ಲೂ ಇಲ್ಲ" ಎಂದಳು. ಆಮೇಲೆ ಊಟ ಕೇಳಿದಳು. ನಾನು ಬಡಿಸಿದೆ.

ವೈಸೆಲ್, ಅವಳಪ್ಪ ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಕೋರ್ಟಿನಲ್ಲಿ ನಾನು ಹೇಳಿದ್ದೆಲ್ಲ ಅಮ್ಮ ಬಾಯಿಪಾಠ ಮಾಡಿಸಿದ್ದು. ನಿನ್ನ ಶಿಕ್ಷೆ ಕಡಿಮೆಯಾಗಲೆಂದು ಹೇಳಿದೆ. ಹನ್ನೊಂದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಅಮ್ಮ ಮಣ್ಣಿಗೆ ಹೋಗಿ ಐವತ್ತು ದಿನವಾಯಿತು. ಇನ್ನು ಯಾರ ಮುಖ ನೋಡಿ ಸುಮ್ಮನಿರಲಿ? ಹಿಲಾಲ್‌ಗೆ ನಿಜ ಹೇಳುತ್ತೇನೆ. ನಿನಗೆ ತಿಳಿಸದೆ ಹೇಳುವುದು ಬೇಡವೆಂದು ಬರೆದಿದ್ದೇನೆ.

ನಿನ್ನ ಅಕ್ಕ,
ನಝಿಫೆ

•

ಜೈಲು, ನಾಲ್ಕನೆಯ ವಾರ್ಡು
೧೯ ಸೆಪ್ಟೆಂಬರ್ ೨೦೧೮

ಅಕ್ಕ,

ಕೈಗೆ ಮುತ್ತಿಟ್ಟು ಬರೆಯುತ್ತಿದ್ದೇನೆ. ಅಮ್ಮ ಹೋದ ದುಃಖದಲ್ಲಿ ನಿನ್ನ ತಲೆ ಹಿಡಿತದಲ್ಲಿಲ್ಲ ಎಂದುಕೊಂಡು ನಿನ್ನ ಕಾಗದದ ಅರ್ಧ ಭಾಗವನ್ನು ನಾನು ಓದಿಲ್ಲವೆಂದೇ ತಿಳಿದಿದ್ದೇನೆ.

ಭಾವ ಹೊಡೆದಿರಲಿಲ್ಲವೇ? ಅವನು ಸತ್ತ ಮರುದಿನ ಪೊಲೀಸ್ ಠಾಣೆಯಲ್ಲಿ ನಿನ್ನ ಮುಖ ನೋಡಿದವನು ನಾನು. ಎಡಗಣ್ಣು ಬದನೆಕಾಯಿಯ ಹಾಗೆ ಊದಿ ಮುಚ್ಚಿಹೋಗಿತ್ತು. ತೋಳಿನ ಮೇಲೆ ಹಿಡಿಯಗಲದ ಕಲೆಗಳು. ಡಾಕ್ಟರು ಬರೆದುಕೊಟ್ಟ ಕಾಗದ ಇವತ್ತಿಗೂ ನನ್ನ ಫೈಲಿನಲ್ಲಿದೆ. ಮೊದಲ ಭೇಟಿಯಲ್ಲೇ ಅಮ್ಮ ಹೇಳಿದಳು: "ಮದುವೆಯಾದ ವರ್ಷದಿಂದ್ಲೂ ಹೊಡೀತಿದ್ನಂತೆ ಕಣೋ. ನಿಮ್ಮಕ್ಕ ಬಾಯಿ ಬಿಟ್ಟಿರ್ಲಿಲ್ಲ. ನೀನು ಮಾಡಿದ್ದು ಸರಿ."

ಭಾವನ ಅಂಗಡಿಯಲ್ಲಿ ಅವನ ಮೇಲೆ ಉಳಿ ಎತ್ತಿದ ಹೊತ್ತಿನಲ್ಲಿ ಅದು ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ತಲೆಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಹನ್ನೊಂದು ವರ್ಷ ಯೋಚಿಸಿ ನಾನು ಕಂಡುಕೊಂಡದ್ದು ಇದು.

ಇಲ್ಲಿ ನನ್ನನ್ನು ಯಾರೂ ಕೊಲೆಗಾರ ಎನ್ನುವುದಿಲ್ಲ. "ಅಕ್ಕನ ತಮ್ಮ" ಎನ್ನುತ್ತಾರೆ. ಹೊಸಬ ವಾರ್ಡಿಗೆ ಬಂದರೆ ಹಳಬರು ನನ್ನನ್ನು ತೋರಿಸಿ, "ಅದೋ ಅವ್ನು, ಅಕ್ಕನ ಮಾನಕ್ಕೋಸ್ಕರ ಒಳಗೆ ಬಂದೋನು" ಎಂದು ಪರಿಚಯ ಮಾಡುತ್ತಾರೆ. ಗಡ್ಡ ಬೆಳ್ಳಗಾದವರು ಎದ್ದು ಜಾಗ ಕೊಡುತ್ತಾರೆ. ಕಳ್ಳರು, ಗಾಂಜಾ ಮಾರುವವರು, ಹೆಂಡತಿಯನ್ನು ಕೊಂದವರು ತುಂಬಿರುವ ಈ ಕಟ್ಟಡದಲ್ಲಿ ತಲೆ ಎತ್ತಿ ನಡೆಯುವ ನಾಲ್ಕು ಜನರಲ್ಲಿ ನಿನ್ನ ತಮ್ಮ ಒಬ್ಬ. ಅದನ್ನು ನೀನು ಕಿತ್ತುಕೊಳ್ಳುತ್ತೀಯಾ?

ಹಿಲಾಲ್ ಪ್ರತಿ ಹಬ್ಬಕ್ಕೂ ನನಗೆ ಬರೆಯುತ್ತಾಳೆ. "ಮಾವ, ನೀನು ಬರೋ ದಿನ ನಾನೇ ಗೇಟಿಗೆ ಬರ್ತೀನಿ" ಎಂದು. ಆ ಕಾಗದಗಳು ನನ್ನ ದಿಂಬಿನ ಕೆಳಗಿವೆ. ಕಲ್ಲು ಒಡೆದಳು ನಿಜ. ಮುದುಕಿಯ ಕೈಗೆ ಬಿದ್ದದ್ದು ತಪ್ಪು. ಆದರೆ ಹುಡುಗಿಯ ರಕ್ತ ಕುದಿಯುವುದು ತಪ್ಪಲ್ಲ.

ಏಪ್ರಿಲ್‌ನಲ್ಲಿ ನಾನು ಹೊರಗೆ ಬರುತ್ತೇನೆ. ಅಲ್ಲಿಯವರೆಗೆ ನಾಲಿಗೆ ಬಿಗಿ ಹಿಡಿದುಕೊಂಡಿರು. ಬಂದ ಮೇಲೆ ಮನೆಯಲ್ಲಿ ಯಾರು ಏನು ಹೇಳಬೇಕು, ಹೇಳಬಾರದು ಎಂದು ನಾನು ನೋಡಿಕೊಳ್ಳುತ್ತೇನೆ. ಇದನ್ನು ಎರಡನೆಯ ಸಲ ಬರೆಯುವುದಿಲ್ಲ.

ಪೆಟ್ಟಿಗೆಯಲ್ಲಿನ ಮಣಿಗಳನ್ನು ಬೇಗ ಮುಗಿಸು.

ವೈಸೆಲ್

•

ಅಂತೆಪ್
೧೪ ಅಕ್ಟೋಬರ್ ೨೦೧೮

ವೈಸೆಲ್,

ನಿನ್ನ ಕೈಗೆ ಸಿಗುವ ಮೊದಲು ಈ ಕಾಗದವನ್ನು ಅಲ್ಲಿನ ಅಧಿಕಾರಿಗಳು ಓದಿ ಮುದ್ರೆ ಒತ್ತುತ್ತಾರೆಂದು ತಿಳಿದೇ ಬರೆಯುತ್ತಿದ್ದೇನೆ. ಓದಲಿ.

ನೀನು ನೋಡಿದ ಕಣ್ಣು ಅಮ್ಮ ಮಾಡಿದ್ದು.

ಆ ಸಂಜೆ ನಾನು ಅಂಗಡಿಯಿಂದ ಆಗಷ್ಟೇ ಬಂದಿದ್ದೆ. ಸತ್ತು ಬಿದ್ದಿದ್ದ ನನ್ನ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರಿಂದ ನನ್ನ ಲಂಗ ಮೊಣಕಾಲಿನವರೆಗೂ ಅಂಟಂಟಾಗಿತ್ತು. ಬಟ್ಟೆ ಬದಲಿಸಲೂ ಅಮ್ಮ ಬಿಡಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿ, ಮಾಂಸ ಕುಟ್ಟುವ ಕೊಡತಿಗೆ ಒದ್ದೆ ಟವೆಲ್ ಸುತ್ತಿದಳು. "ಕೂತ್ಕೊ" ಎಂದಳು. "ಕಣ್ಣು ಮುಚ್ಕೊ. ಒಬ್ಬ ಮಣ್ಣಿಗೆ ಹೋದ. ಇನ್ನೊಬ್ಬನ್ನ ಸಾಯೋವರ್ಗೂ ಜೈಲಲ್ಲಿ ಕೊಳೆಯೋಕೆ ನಾನು ಬಿಡಲ್ಲ."

ಮೊದಲ ಏಟು ಹುಬ್ಬಿನ ಮೇಲೆ ಬಿತ್ತು. ನಾನು ಕುರ್ಚಿಯಿಂದ ಜಾರಿದೆ. ಎತ್ತಿ ಕೂರಿಸಿ ಕೆನ್ನೆಯ ಮೂಳೆಗೆ ಹೊಡೆದಳು. ಕಣ್ಣೊಳಗೆ ಏನೋ ಬಿಸಿಯಾದದ್ದು ತುಂಬಿಕೊಂಡಿತು. ಆಮೇಲೆ ಟವೆಲ್ ಬಿಚ್ಚಿ, ಬರಿಯ ಕೊಡತಿಯಿಂದ ತೋಳುಗಳಿಗೆ. ನಾನು ತಿರುಗಿ ಬೆನ್ನು ಕೊಟ್ಟೆ. "ಬೆನ್ನು ಬೇಡ, ಬೆನ್ನನ್ನ ಯಾರೂ ನೋಡಲ್ಲ" ಎಂದು ನನ್ನನ್ನು ತಿರುಗಿಸಿ ನಿಲ್ಲಿಸಿದಳು. ಎಲ್ಲ ಮುಗಿದ ಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡದ್ದು ಕೇಳಿಸಿತು.

ಆ ವಾರ ಹಿಲಾಲ್‌ಗೆ ಸೀತಾಳೆ ಸಿಡುಬು ಆಗಿ ಮೈತುಂಬ ಗುಳ್ಳೆ ಎದ್ದಿತ್ತು, ನೆನಪಿರಬೇಕು. ಸದ್ದಿಗೆ ಎದ್ದು ಬಾಗಿಲು ತಳ್ಳಿಕೊಂಡು ಬಂದಳು. ನನ್ನ ಮುಖ ನೋಡಿ, "ಯಾರಮ್ಮ ಹೊಡೆದ್ರು?" ಎಂದು ಕೇಳಿದಳು. ಅಮ್ಮ ಕೊಡತಿಯನ್ನು ಬೆನ್ನ ಹಿಂದೆ ಹಿಡಿದುಕೊಂಡೇ, "ನಿಮ್ಮಪ್ಪ" ಎಂದಳು. ಆರು ವರ್ಷದ ಮಗು. ಅವಳಿಗೆ ಅಪ್ಪನ ಬಗ್ಗೆ ನೆನಪಿರುವುದು ಅದೊಂದೇ.

ಬದುಕಿನಲ್ಲಿ ನನ್ನನ್ನು ಹೊಡೆದವರು ಒಬ್ಬರೇ, ನಮ್ಮಮ್ಮ.

ಇನ್ನೊಂದು ಮಾತು. ಯಾಕೆ ಕೊಂದೆ ಎಂದು ನಾನು ನಿನ್ನನ್ನು ಇವತ್ತಿನವರೆಗೂ ಕೇಳಿಲ್ಲ. ಕೇಳುವ ಅಗತ್ಯವಿರಲಿಲ್ಲ. ಪೊಲೀಸರು ಹೋದ ಮೇಲೆ ಅಂಗಡಿಯ ನೆಲ ತೊಳೆದವಳು ನಾನು. ಲೇತಿನ ಕೆಳಗೆ, ಮರದ ಹೊಟ್ಟಿನ ನಡುವೆ, ಮೂವತ್ತೆರಡು ಮಣಿ ಸಿಕ್ಕವು. ತೊಳೆದು ಬೆಳಕಿಗೆ ಹಿಡಿದೆ. ಅಕ್ರಿಲಿಕ್ ಮೇಲೆಲ್ಲ ಮಂಜು ಕವಿದ ಹಾಗೆ ಬಿಳುಪು. ಸುತ್ತಲೂ ಉಂಗುರದಂಥ ಗೀರು, ಬೆಸುಗೆಯ ಬಳಿ ಕೂದಲಿನಷ್ಟು ಸಣ್ಣ ಬಿರುಕು. ಮರದ ಕಪ್ಪು ಪುಡಿ ಆ ಗೀರುಗಳೊಳಗೆ ಕೂತುಬಿಟ್ಟಿತ್ತು. ನೀನು ಮರಕ್ಕೆ ಎಣ್ಣೆ ಕುಡಿಸಿರಲಿಲ್ಲ. ನೀರು ಮುಟ್ಟಿಸಿರಲಿಲ್ಲ. ಲೇತ್ ಜೋರಾಗಿ ತಿರುಗುತ್ತಿರುವಾಗಲೇ ಉಪ್ಪುಕಾಗದವನ್ನು ಒತ್ತಿ ಹಿಡಿದು ಬೇಗ ಬೇಗ ಮುಗಿಸಿದ್ದೆ. ಮಗುವಿಗೆ ಕಾಯಿಲೆಯೆಂದು ನಾನು ಆ ವಾರ ಉಜ್ಜುವುದಕ್ಕೆ ಬಂದಿರಲಿಲ್ಲ. ಅವರು ನಿನ್ನನ್ನು ಬೈದಿರಬೇಕು. ಅಷ್ಟೇ ನಡೆದಿರಬೇಕು.

ಇದನ್ನು ಅವತ್ತೇ ತಿಳಿದುಕೊಂಡು, ವಾರದ ಮೇಲೆ ಕೋರ್ಟಿನ ಮುಂದೆ ನಿಂತು, "ನನ್ನ ಗಂಡ ನನ್ನನ್ನ ಹೊಡೀತಿದ್ರು" ಎಂದವಳು ನಾನು. ನಿನ್ನ ಪಾಪ ಒಂದು ತೂಕವಾದರೆ ನನ್ನದು ಕಡಿಮೆಯೇನಲ್ಲ.

ನಿನ್ನ ಪೆಟ್ಟಿಗೆಯನ್ನು ಹಾಗೇ ಹಿಂದಕ್ಕೆ ಕಳಿಸುತ್ತಿದ್ದೇನೆ. ಉಜ್ಜಿಲ್ಲ.

ನಝಿಫೆ

•

ಜೈಲು, ಒಂಟಿಕೋಣೆ
೩ ಡಿಸೆಂಬರ್ ೨೦೧೮

ಅಕ್ಕ,

ಇಷ್ಟು ದಿನ ಬರೆಯಲಿಲ್ಲ. ಒಂಟಿಕೋಣೆಯಲ್ಲಿದ್ದೇನೆ, ಇವತ್ತು ಕಾಗದ ಪೆನ್ನು ಕೊಟ್ಟರು.

ನಿನ್ನ ಕಾಗದ ಬಂದ ವಾರ ಕಾರ್ಖಾನೆಗೆ ಹೋಗಿ ಲೇತಿನ ಮುಂದೆ ಸುಮ್ಮನೆ ನಿಂತು ಬರುತ್ತಿದ್ದೆ. ನೀನು ಹಿಂದಕ್ಕೆ ಕಳಿಸಿದ ಪೆಟ್ಟಿಗೆ ಅಲ್ಲೇ ಕಿಟಕಿಯ ಕೆಳಗಿತ್ತು. ನಮ್ಮ ವಾರ್ಡಿನಲ್ಲಿ ಬೆಕ್ತಾಶ್ ಎಂಬ ಮಲಾತ್ಯದವನಿದ್ದಾನೆ, ಬಾಯಿಬಡಕ, ಕೆಟ್ಟವನಲ್ಲ. ಒಂದು ದಿನ ಇಬ್ಬರು ಹೊಸಬರನ್ನು ಕರೆದುಕೊಂಡು ಬಂದ. "ನೋಡ್ರೋ, ಗಂಡಸು ಅಂದ್ರೆ ಇವ್ನು. ಅಕ್ಕನ ಕಣ್ಣು ಊದಿರೋದು ನೋಡಿದ, ಭಾವನ ಕತ್ತು ಕುಯ್ದ. ನಿಮ್ಮಲ್ಲಿ ಯಾರಿಗಾದ್ರೂ ಈ ಎದೆ ಇದೆಯಾ?" ಎಂದ.

"ಬಾಯಿ ಮುಚ್ಚೋ" ಎಂದೆ.

ಅವನು ನಕ್ಕ. "ನಾಚ್ಕೋತಾನೆ ನೋಡು, ದೊಡ್ಡ ಮನುಷ್ಯ ದೊಡ್ಡ ಮನುಷ್ಯನೇ" ಎಂದು ಹೆಗಲ ಮೇಲೆ ಕೈ ಹಾಕಿದ.

ಅವನ ಕೂದಲು ಹಿಡಿದು ಮುಖವನ್ನು ಲೇತಿನ ಕಬ್ಬಿಣಕ್ಕೆ ಅಪ್ಪಳಿಸಿದೆ. ಒಂದು ಸಲವಲ್ಲ. ಕಾವಲಿನವರು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನ ಮುಂದಿನ ಹಲ್ಲು ನಾಲ್ಕು ಹೋಗಿವೆ, ದವಡೆಗೆ ತಂತಿ ಕಟ್ಟಿದ್ದಾರೆ. ಇಲ್ಲಿ ಎಲ್ಲರೂ ಕೇಳುತ್ತಿದ್ದಾರೆ, "ಹೊಗಳಿದೋನನ್ನ ಯಾಕೆ ಹೊಡೆದೆ?" ಎಂದು.

ಏಪ್ರಿಲ್‌ನ ಬಿಡುಗಡೆ ಹೋಯಿತು. ಜುಲೈ ಒಂದನೆಯ ತಾರೀಕು ಎಂದು ಬರೆದುಕೊಟ್ಟಿದ್ದಾರೆ.

ಅಮ್ಮ ನಿನಗೆ ಹಾಗೆ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಅವಳು ಹೇಳಿದ್ದನ್ನು ನಾನು ನಿಜವಾಗಿಯೂ ನಂಬಿದ್ದೆ. ಇದನ್ನಾದರೂ ನೀನು ನಂಬು.

ವೈಸೆಲ್

•

ಅಂತೆಪ್
೨೩ ಡಿಸೆಂಬರ್ ೨೦೧೮

ವೈಸೆಲ್,

ನಂಬಿದೆ. ನಂಬಿದರೂ ಏನೂ ಹಗುರವಾಗಲಿಲ್ಲ.

ಹಿಲಾಲ್ ನಿನಗಾಗಿ ಬೀದಿ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ನೀಲಿ ಬಟ್ಟೆ ತಂದು ಪರದೆ ಹೊಲಿಯುತ್ತಿದ್ದಾಳೆ. ಬಿಡುಗಡೆ ಮುಂದಕ್ಕೆ ಹೋಯಿತು ಎಂದಾಗ ಅತ್ತಳು. ತನ್ನಪ್ಪನನ್ನು ಕೊಂದವನಿಗಾಗಿ ಹುಡುಗಿ ಅಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಜನವರಿ ಕೊನೆಗೆ ಅವಳಿಗೆ ಹದಿನೆಂಟು ತುಂಬುತ್ತದೆ. ಆಮೇಲೆ ಹೇಳುತ್ತೇನೆ. ನನ್ನ ಪಾಲಿನದು ನಾನು ಹೇಳುತ್ತೇನೆ, ಕೊಡತಿಯನ್ನೂ ಕೋರ್ಟನ್ನೂ. ಆದರೆ ಅಂಗಡಿಯಲ್ಲಿ ಏನಾಯಿತು ಎಂದು ಕೇಳಿದರೆ ನಾನು ಹೇಳಲಾರೆ, ಅಲ್ಲಿದ್ದವನು ನೀನು. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸು. ನಿನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಳ್ಳಲು ಹೋಗಬೇಡ. ಕೆಟ್ಟವನನ್ನಾಗಿಯೂ ಬೇಡ, ಅದೂ ಒಂದು ಥರದ ಜಂಬವೇ.

ಚಳಿ ಹೆಚ್ಚಾಗಿದೆ. ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ.

ನಝಿಫೆ

•

ಜೈಲು, ನಾಲ್ಕನೆಯ ವಾರ್ಡು
೧೫ ಜನವರಿ ೨೦೧೯

ಅಕ್ಕ,

ಆರು ಸಲ ಬರೆದು ಹರಿದೆ. ಇದು ಏಳನೆಯದು.

ಅದು ಪಿಸ್ತಾ ಮರ ಮತ್ತು ಅಂಬರ್ ಬಣ್ಣದ ಅಕ್ರಿಲಿಕ್ ಸೇರಿಸಿದ ಮಾಲೆ, ಮೂವತ್ಮೂರು ಮಣಿ. ಉರ್ಫಾದಿಂದ ಒಬ್ಬ ವರ್ತಕರು ಬರುವವರಿದ್ದರು. ಅಕ್ರಿಲಿಕ್ ಎರಕ ಹೊಯ್ದು, ಮರಕ್ಕೆ ಬೆಸೆದು, ಕೋಲು ಮಾಡಿಕೊಟ್ಟವನು ಭಾವ. ಕಡೆದವನು ನಾನು. ಉಜ್ಜುವುದು ನಿನ್ನ ಕೆಲಸ. ನೀನು ಬರಲಿಲ್ಲ. ಭಾವ ಹಿಂದಿನ ದಿನವೇ ಹೇಳಿದ್ದ: "ಅವಸರ ಮಾಡ್ಬೇಡ ವೈಸೆಲ್. ಮರಕ್ಕೆ ಎಣ್ಣೆ ಹಾಕಿ ಒಂದು ರಾತ್ರಿ ಬಿಡು. ನಾಳೆ ನೀರಲ್ಲಿ ಉಜ್ಜಿದ್ರಾಯ್ತು. ಅವ್ರು ಕಾಯ್ತಾರೆ." ಅವನು ಎರಡು ಗಂಟೆ ಹೊರಗೆ ಹೋಗಿದ್ದ. ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕು, ಅಕ್ಕನಿಲ್ಲದೆಯೂ ನನಗೆ ಬರುತ್ತದೆ ಎನ್ನಿಸಬೇಕು ಎಂಬ ಹಟ ನನಗೆ. ನೀನು ಬರೆದದ್ದು ಸರಿ. ಒಣ ಉಪ್ಪುಕಾಗದದಲ್ಲಿ, ಲೇತ್ ಓಡುತ್ತಿರುವಾಗಲೇ, ಒತ್ತಿ ಉಜ್ಜಿದೆ. ಹುಳಿ ವಾಸನೆ ಬಂತು. ಅಕ್ರಿಲಿಕ್ ಬಿಸಿಯಾಗುತ್ತಿದೆಯೆಂದು ಗೊತ್ತಾಯಿತು. ನಿಲ್ಲಿಸಲಿಲ್ಲ. ಹೊಳಪಿನ ಮೇಣ ತಿಕ್ಕಿ ಮುಚ್ಚಿ, ದಾರಕ್ಕೆ ಪೋಣಿಸಿಟ್ಟೆ.

ಉರ್ಫಾದವರು ತಮ್ಮ ಅಳಿಯನ ಜೊತೆ ಬಂದು ಕೂತರು. ಭಾವ ಮಾಲೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ತುಂಬ ಹೊತ್ತು ನೋಡಿದ. ಆಮೇಲೆ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದ. ಮಣಿಗಳೆಲ್ಲ ನೆಲಕ್ಕೆ ಬಿದ್ದವು. ಒಂದರ ಮೇಲೆ ಬೂಟುಗಾಲಿಟ್ಟು ಒತ್ತಿದ. ಅದು ಬೆಸುಗೆಯಲ್ಲೇ ಎರಡಾಯಿತು. ನಿನಗೆ ಸಿಗದ ಮೂವತ್ಮೂರನೆಯದು ಅದೇ.

"ಒಂಬತ್ತು ವರ್ಷ ಆಯ್ತು ಕಣೋ, ನಿನ್ನ ಕೈ ಇನ್ನೂ ಹಸೀನೇ" ಎಂದ. ಸಿಟ್ಟಿನಿಂದಲ್ಲ, ನಗುತ್ತಲೇ. ಆಮೇಲೆ ಉರ್ಫಾದವರ ಕಡೆ ತಿರುಗಿ, "ಇವರಕ್ಕ ಬಂದು ಉಜ್ಜೋವರೆಗೂ ಇವನ ಕೈಲಿ ಚಹಾ ತರಿಸ್ಕೊಳ್ಳೋಣ. ಅದಾದ್ರೂ ಸುಡದೆ ತರ್ತಾನೆ" ಎಂದ. ಅವರಿಬ್ಬರೂ ನಕ್ಕರು. ಅಳಿಯ ನನಗಿಂತ ಚಿಕ್ಕವನು. ಅವನ ನಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಭಾವ ನನ್ನ ಮೈಮೇಲೆ ಬರಲಿಲ್ಲ. ಕೋರ್ಟಿನಲ್ಲಿ ನಾನು ಹೇಳಿದ್ದು ಸುಳ್ಳು. ನಾನು ಅವನನ್ನು ನಿನ್ನ ಬಗ್ಗೆ ಏನೂ ಕೇಳಲಿಲ್ಲ. ಅವನು ನನಗೆ ಬೆನ್ನು ಹಾಕಿ, ಮೊಣಕಾಲೂರಿ, ಮಣಿ ಆರಿಸತೊಡಗಿದ. ಕತ್ತು ಬಗ್ಗಿತ್ತು. ಕಾಲರಿಗೂ ಕೂದಲಿಗೂ ನಡುವೆ ಮರದ ಪುಡಿ ಅಂಟಿತ್ತು. ಉದ್ದನೆಯ ಓರೆ ಉಳಿ ನನ್ನ ಕೈಯಲ್ಲೇ ಇತ್ತು. ಅಲ್ಲಿಗೇ ಇಳಿಸಿದೆ.

ಅದು ಮೂಳೆಗೆ ತಾಕಿ ಜಾರಿತು. ಅವನು ತಿರುಗಿದ. ಮುಖದಲ್ಲಿ ನೋವಿರಲಿಲ್ಲ, ಏನಾಯಿತೆಂಬ ಪ್ರಶ್ನೆ ಇತ್ತು. ಎರಡನೆಯದು ಗಂಟಲಿಗೆ. ಉಳಿ ಹಿಂದಕ್ಕೆ ಬರಲಿಲ್ಲ. ಕಾಲಿನಿಂದ ಅವನ ಎದೆ ಒತ್ತಿ ಹಿಡಿದು ಕಿತ್ತೆ. ರಕ್ತ ಲೇತಿನ ಬೆಲ್ಟಿನ ಮೇಲೆ ಬಿದ್ದು ಗೋಡೆಗೆಲ್ಲ ಸಿಡಿಯಿತು. ಲೇತ್ ಓಡುತ್ತಲೇ ಇತ್ತು. ಉರ್ಫಾದವರು ಯಾವಾಗ ಓಡಿಹೋದರೋ ನನಗೆ ತಿಳಿಯಲಿಲ್ಲ. ಆಮೇಲೆ ಅವರು ಏನೂ ನೋಡಲಿಲ್ಲವೆಂದು ಹೇಳಿಕೆ ಕೊಟ್ಟರು. ಭಾವ ನನ್ನ ಕಾಲಿನ ಗಂಟು ಹಿಡಿದುಕೊಂಡ. ಬೀಳಿಸುವುದಕ್ಕಲ್ಲ, ಬೀಳದಿರುವುದಕ್ಕೆ ಹಿಡಿದ ಹಾಗಿತ್ತು. ಮೂರನೆಯ ಸಲ ಹೊಡೆದದ್ದು ಆ ಕೈ ಬಿಡಿಸಿಕೊಳ್ಳಲು.

ಅವನ ಮಾತು ಬರುವ ಜಾ​ಗವನ್ನೇ ನಾನು ಕಡಿದಿದ್ದೆ.

ಇದಕ್ಕೆ ಬೇರೆ ಕಾರಣವಿಲ್ಲ. ನಿನಗಾಗಿ ಅಲ್ಲ. ಮಾನಕ್ಕಾಗಿ ಅಲ್ಲ. ಇಬ್ಬರು ನಕ್ಕರು, ಅದಕ್ಕೆ. ಇದನ್ನು ಹಿಲಾಲ್‌ಗೆ ಕೊಡು. ಇಲ್ಲಿನ ಅಧಿಕಾರಿ ಓದಿ, ನನ್ನನ್ನು ಕರೆಸಿ, "ಇದನ್ನ ಕಳಿಸ್ಲೇಬೇಕಾ?" ಎಂದು ಕೇಳಿದರು. ಕಳಿಸಿ ಎಂದೆ.

ವೈಸೆಲ್

•

ಅಂತೆಪ್
೧೧ ಫೆಬ್ರವರಿ ೨೦೧೯

ವೈಸೆಲ್,

ಎರಡನೆಯ ತಾರೀಕು, ಶನಿವಾರ, ಹೇಳಿದೆ.

ಇಬ್ಬರೂ ಕೆಲಸದ ಮೇಜಿನ ಮುಂದೆ ಕೂತಿದ್ದೆವು. ಬೇರೆ ಗಿರಾಕಿಯ ಮಣಿಗಳು, ನಡುವೆ ನೀರಿನ ಬೋಗುಣಿ. ಅವಳು ಆರುನೂರರ ಉಪ್ಪುಕಾಗದದಲ್ಲಿ ಉಜ್ಜಿ ನನ್ನ ಕಡೆ ತಳ್ಳುತ್ತಿದ್ದಳು, ನಾನು ಸಾವಿರದ್ದರಲ್ಲಿ ಮುಗಿಸುತ್ತಿದ್ದೆ. ಎದುರುಬದುರು ಕೂತು ಹೇಳುವ ಧೈರ್ಯ ಬರಲಿಲ್ಲ. ತಲೆ ಬಗ್ಗಿಸಿಕೊಂಡೇ ಹೇಳಿದೆ. ಕೊಡತಿಯಿಂದ ಶುರು ಮಾಡಿದೆ.

ಅವಳು ಕೈ ನಿಲ್ಲಿಸಲಿಲ್ಲ. ಒಂದೇ ಮಣಿಯನ್ನು ಉಜ್ಜುತ್ತಾ ಉಜ್ಜುತ್ತಾ ಅಕ್ರಿಲಿಕ್ ಸವೆದು ಮರದ ಮಟ್ಟಕ್ಕಿಂತ ಕೆಳಗಿಳಿಯಿತು. ನಾನು ಮುಗಿಸಿದ ಮೇಲೆ ಕೇಳಿದಳು: "ಅಂದ್ರೆ ಅಪ್ಪ ಏನೂ ಮಾಡಿರ್ಲಿಲ್ಲ?"

"ಇಲ್ಲ."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ನಾನು ಅಜ್ಜಿ ಕೈ ಮುರಿದಾಗ್ಲೂ ಗೊತ್ತಿತ್ತು. ಊಟ ಬಡಿಸ್ದೆ."

ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಒದ್ದೆ ಕೈ. ನನ್ನ ಕನ್ನಡಕ ಹಾರಿ ಬೋಗುಣಿಯಲ್ಲಿ ಬಿತ್ತು. ಇನ್ನೊಂದು ಕೆನ್ನೆಗೂ ಹೊಡೆದಳು. ನಾನು ಮುಖ ತಿರುಗಿಸಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈಯನ್ನು ಅವಳೇ ಇನ್ನೊಂದು ಕೈಯಿಂದ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ನಿಂತಳು. ಅವಳಪ್ಪನ ರಕ್ತದವರು ನನ್ನ ಮೇಲೆ ಕೈ ಮಾಡಿದ್ದು ಅದೇ ಮೊದಲು.

ನಿನ್ನ ಕಾಗದ ಕೊಟ್ಟೆ. ಮೊದಲ ಎರಡು ಸಾಲು ಓದಿ ಮಡಿಸಿ ನನಗೇ ವಾಪಸು ಕೊಟ್ಟಳು. "ಕಾಗದದಲ್ಲಿ ಬೇಡ. ಅವ್ರು ನನ್ನ ಮುಖ ನೋಡ್ಕೊಂಡು ಹೇಳ್ಲಿ" ಎಂದಳು. ಹುಟ್ಟಿದಾಗಿನಿಂದ ಮಾವ, ನೀನು ಎನ್ನುತ್ತಿದ್ದವಳು ಅವ್ರು ಎಂದಳು.

ಎರಡು ಚೀಲಕ್ಕೆ ಬಟ್ಟೆ ತುಂಬಿಕೊಂಡು ಹಾಜರ್ ಅತ್ತೆಯ ಮನೆಗೆ ಹೋದಳು. ನೆರೆಯವರು ಹೇಳುವಂತೆ ಅತ್ತೆ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಒಂದೂ ಪ್ರಶ್ನೆ ಕೇಳಲಿಲ್ಲ. ಆ ಎರಡು ಬೆರಳು ಇನ್ನು ಮಡಚುವುದಿಲ್ಲ. ಹಿಲಾಲ್ ಅವರಿಗೆ ಗುಂಡಿ ಹಾಕುತ್ತಾಳೆ, ಜಡೆ ಹಾಕುತ್ತಾಳೆ. ನಾನು ಎರಡು ಸಲ ಹೋದೆ. ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ಅತ್ತೆ ಕಿಟಕಿಯಿಂದ, "ಇನ್ನೂ ಸ್ವಲ್ಪ ದಿನ ಬಿಡಮ್ಮ" ಎಂದರು. ಈಗಲೂ ಅಮ್ಮ ಎಂದು ಕರೆದರು, ನನ್ನನ್ನು.

ವಕೀಲರ ಹತ್ತಿರವೂ ಹೋಗಿದ್ದೆ. ನನ್ನ ಸುಳ್ಳು ಸಾಕ್ಷಿಗೆ ಕಾಲ ಮೀರಿಹೋಗಿದೆಯಂತೆ. ನನಗೆ ಶಿಕ್ಷೆ ಕೊಡಲು ಯಾರೂ ಇಲ್ಲ.

ಜುಲೈನಲ್ಲಿ ನೀನು ಈ ಮನೆಗೆ ಬರಬೇಡ. ನೀಲಿ ಪರದೆಯನ್ನು ಬಿಚ್ಚಿಟ್ಟಿದ್ದೇನೆ.

ನಝಿಫೆ

•

ಜೈಲು, ನಾಲ್ಕನೆಯ ವಾರ್ಡು
೨೪ ಏಪ್ರಿಲ್ ೨೦೧೯

ಅಕ್ಕ,

ಕೈಗೆ ಮುತ್ತು. ನಿನ್ನ ಮನೆಗೆ ಬರುವುದಿಲ್ಲ. ಅದಾನದ ಕಡೆ ಒಬ್ಬರು ಕುರ್ಚಿಯ ಕಾಲು ಕಡೆಯುವ ಕೆಲಸ ಕೊಡುತ್ತೇನೆ ಎಂದಿದ್ದಾರೆ.

ಹಿಲಾಲ್ ಪ್ರತಿ ಮಂಗಳವಾರ ಇಲ್ಲಿಗೆ ಬರುತ್ತಿದ್ದಾಳೆ. ನಿನಗೆ ಗೊತ್ತಿರಲಿಕ್ಕಿಲ್ಲ. ಮಾರ್ಚ್ ಐದರಂದು ಮೊದಲ ಸಲ ಬಂದಳು. ಗಾಜಿನ ಆಚೆ ಕೂತು ಫೋನ್ ಎತ್ತಿದಳು. ಕಣ್ಣು ಭಾವನದೇ, ಆ ಎಡ ಹುಬ್ಬು ಸ್ವಲ್ಪ ಮೇಲಿರುವುದು ಸಹ. ನಾನು ಸಿದ್ಧನಾಗಿ ಹೋಗಿದ್ದೆ. "ಆ ದಿನ..." ಎಂದು ಶುರು ಮಾಡಿದೆ.

"ಅದು ಆಮೇಲೆ" ಎಂದಳು. "ನಮ್ಮಪ್ಪನ ಬಗ್ಗೆ ನಂಗೆ ಒಂದೇ ಒಂದು ಒಳ್ಳೆ ಮಾತು ಹೇಳ್ದೋರಿಲ್ಲ. ಅಜ್ಜಿಗೆ ಹೇಳೋಕ್ಹೋದ್ರೆ ಅಳು ಬರುತ್ತೆ, ಮಾತು ನಿಂತೋಗುತ್ತೆ. ಅಮ್ಮನ ಹತ್ರ ನಾನು ಕೇಳಲ್ಲ. ಒಂಬತ್ತು ವರ್ಷ ದಿನಾ ಬೆಳಗಾದ್ರೆ ಅವ್ರ ಎದುರು ಕೂತು ಕೆಲ್ಸ ಮಾಡ್ದೋರು ನೀವು. ಮೊದಲನೇ ದಿನದಿಂದ ಹೇಳಿ. ಕ್ರಮವಾಗಿ ಹೇಳಿ. ಏನೂ ಬಿಡ್ಬೇಡಿ."

ಹೇಳಿದೆ. ೧೯೯೮ರಲ್ಲಿ ನಾನು ಮೊದಲು ಅಂಗಡಿಗೆ ಹೋದಾಗ ಅವನು ನನ್ನ ಕಣ್ಣಿಗೆ ಕರವಸ್ತ್ರ ಕಟ್ಟಿ, ಅರ್ಧ ಮರ ಅರ್ಧ ಅಕ್ರಿಲಿಕ್ ಇದ್ದ ಒಂದು ಕೋಲು ಕೈಗೆ ಕೊಟ್ಟದ್ದು. "ಎಲ್ಲಿ ಮರ ಮುಗೀತು, ಹೇಳು ನೋಡೋಣ" ಎಂದದ್ದು. ನನ್ನ ಬೆರಳಿಗೆ ಗೊತ್ತಾಗದೆ ನಾನು ಪೆಚ್ಚಾದದ್ದು. ಕಲ್ಲಂಗಡಿಗೆ ಉಪ್ಪು ಹಾಕಿಕೊಂಡು ತಿನ್ನುತ್ತಿದ್ದದ್ದು. ರಾಗವೇ ಇಲ್ಲದೆ ಹಾಡುತ್ತಿದ್ದದ್ದು, ಎದುರಂಗಡಿಯ ತಾಮ್ರದವನು, "ನಿಲ್ಸೋ ಮಾರಾಯ, ಪಾತ್ರೆ ಸೊಟ್ಟಗಾಗುತ್ತೆ" ಎಂದು ಕೂಗುತ್ತಿದ್ದದ್ದು. ಅಲ್ಲಿ ಅವಳು ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದ ಹಾಗೆ ತುಟಿ ಕಚ್ಚಿಕೊಂಡಳು. ನೋಟ್‌ಬುಕ್ ತರುತ್ತಾಳೆ, ಬರೆದುಕೊಳ್ಳುತ್ತಾಳೆ, "ಮುಂದೆ" ಎನ್ನುತ್ತಾಳೆ.

ಅವಳು ಹುಟ್ಟಿದ ದಿನದ್ದನ್ನು ಹೋದ ತಿಂಗಳು ಹೇಳಿದೆ. ಭಾವ ಅಂಗಡಿಯಿಂದ ಓಡುತ್ತಾ ಆಸ್ಪತ್ರೆಗೆ ಬಂದ, ಮೈಯೆಲ್ಲ ಅಕ್ರಿಲಿಕ್ ಪುಡಿ. ನಾನು ಮಗುವನ್ನು ಕೊಡಲು ಹೋದರೆ ಹಿಂದಕ್ಕೆ ಸರಿದ. ಮೊಣಕೈವರೆಗೆ ಮೂರು ಸಲ ಸೋಪು ಹಾಕಿ ತೊಳೆದು ಬಂದ. ಆಗಲೂ ಮುಟ್ಟದೆ, "ನೀನೇ ಹಿಡ್ಕೊ, ನನ್ನ ಕೈ ಒರಟು" ಎಂದ. ಅವನ ಮಗಳನ್ನು ಮೊದಲು ಎತ್ತಿಕೊಂಡದ್ದು ನಾನು, ಅಕ್ಕ. ಇದನ್ನು ಕೇಳಿದ ಮೇಲೆ ಅವಳು ಬರೆಯಲಿಲ್ಲ. ಫೋನನ್ನು ಗಾಜಿಗೆ ಬಡಿದಳು, ಎರಡು ಸಲ, ಮೂರು ಸಲ. ಕಾವಲಿನವರು ಹೊರಗೆ ಕರೆದುಕೊಂಡು ಹೋದರು. ಇನ್ನು ಬರುವುದಿಲ್ಲವೆಂದುಕೊಂಡೆ. ಮುಂದಿನ ಮಂಗಳವಾರ ಬಂದು ಕೂತು, "ಮುಂದೆ" ಎಂದಳು.

ನಿನ್ನೆಯದು ಎಂಟನೆಯ ಮಂಗಳವಾರ. ೨೦೦೨ರವರೆಗಿನದು ಮುಗಿಯಿತು. ಹೊರಡುವಾಗ ಹೇಳಿದಳು: "ನೀವು ಹೊರಗೆ ಬಂದ ದಿನ ನಿಮಗೂ ನಮಗೂ ಮುಗೀತು. ಆಮೇಲೆ ರಸ್ತೇಲಿ ಕಂಡ್ರೂ ನಾನು ಮಾತಾಡ್ಸಲ್ಲ. ಅಷ್ಟರೊಳಗೆ ಎಲ್ಲಾ ಹೇಳಿ ಮುಗಿಸ್ಬೇಕು."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಿಡುಗಡೆಗೆ ಇನ್ನು ಒಂಬತ್ತು ಮಂಗಳವಾರ ಇವೆ, ಹೇಳುವುದಕ್ಕೆ ಐದು ವರ್ಷಗಳಿಗಿಂತ ಸ್ವಲ್ಪ ಕಡಿಮೆ ಉಳಿದಿದೆ. ಇದೇ ಓಟದಲ್ಲಿ ಹೋದರೆ ಅಂಗಡಿಯ ಆ ದಿನದ ಸರದಿ ಜೂನ್ ಇಪ್ಪತ್ತೈದಕ್ಕೆ ಬರುತ್ತದೆ. ವಾರವಿಡೀ ನಾನು ಲೇತಿನ ಮುಂದೆ ನಿಂತು ಅವನನ್ನು ನೆನಪು ಮಾಡಿಕೊಳ್ಳುತ್ತೇನೆ, ಮರೆತಿದ್ದದ್ದೆಲ್ಲ ಬರುತ್ತಿದೆ. ಹೇಗೆ ನಡೆಯುತ್ತಿದ್ದ, ಬೆವರು ಹೇಗೆ ಒರೆಸಿಕೊಳ್ಳುತ್ತಿದ್ದ ಎಂದೆಲ್ಲ. ಮಂಗಳವಾರ ಅದನ್ನು ಅವಳಿಗೆ ಒಪ್ಪಿಸುತ್ತೇನೆ. ಅವಳಿಗೆ ಈಗ ಅಪ್ಪ ಎಂದರೆ ಯಾರೆಂದು ಗೊತ್ತಾಗುತ್ತಿದೆ. ವಾರ ವಾರಕ್ಕೂ ಅವನು ಅವಳಿಗೆ ಹತ್ತಿರವಾಗುತ್ತಿದ್ದಾನೆ, ಅದು ಅವಳ ಮುಖದಲ್ಲೇ ಕಾಣುತ್ತದೆ.

ಕೊನೆಯ ಮಂಗಳವಾರ ಅವಳ ಕಣ್ಣೆದುರಿಗೆ ನಾನು ಭಾವನನ್ನು ಇನ್ನೊಂದು ಸಲ ಕೊಲ್ಲಬೇಕು.

ವೈಸೆಲ್